ಬೇಸಿಗೆಯ ಊಟಕ್ಕೆ ತಣ್ಣನೆಯ ಶಾವಿಗೆ

(ಭಾಷಣದ ಪಾಠ)



ಹೋಳಿ ಹುಣ್ಣಿಮೆ ಕಳೆದು ಯುಗಾದಿ ಸಮೀಪಿಸಿತೆಂದರೆ ಬೀದರ ಸೀಮೆಯ ಹೆಣ್ಣುಮಕ್ಕಳಿಗೆ ಎರಡು ಕೆಲಸಗಳು ಒಟ್ಟಿಗೇ ಬರುತ್ತವೆ. ರಾಶಿ ಮುಗಿದ ಜೋಳ, ಗೋಧಿ, ಕಡಲೆಗಳನ್ನು ಹಸನು ಮಾಡಿ ತುಂಬಿಡುವುದು ಒಂದು. ವರ್ಷಕ್ಕಾಗುವಷ್ಟು ಶಾವಿಗೆ, ಹಪ್ಪಳ, ಸಂಡಿಗೆ ಮಾಡಿ ಒಣಗಿಸುವುದು ಇನ್ನೊಂದು. ಮಾಳಿಗೆಯ ಮೇಲೆ ಕೋಲಿಗೆ ಇಳಿಬಿಟ್ಟ ಶಾವಿಗೆಯ ಎಳೆಗಳು ಈ ಬಿಸಿಲಿನಲ್ಲಿ ಒಂದೆರಡು ದಿನದಲ್ಲಿಯೇ ಒಣಗಿ ಗರಿಗರಿಯಾಗುತ್ತವೆ. ಒಣಗಿದ ಮೇಲೆ ಅವು ಡಬ್ಬಿಯೊಳಗೆ ಹೋಗುತ್ತವೆ. ಬೀಗರು ಬಂದಾಗ ಹಾಲು ಬೆಲ್ಲದೊಡನೆ, ರಂಜಾನ್ ಹಬ್ಬದಲ್ಲಿ ಶೀರ್ ಖುರ್ಮಾ ಆಗಿ ಹೊರಬರುತ್ತವೆ. ದಿನದ ಊಟಕ್ಕೆ ಮಾತ್ರ ಅವುಗಳ ನೆನಪಾಗುವುದಿಲ್ಲ.

ಆದರೆ ಶಾವಿಗೆ ಒಣಗುವ ಅದೇ ತಿಂಗಳುಗಳಲ್ಲಿ ಮನುಷ್ಯನೂ ಒಣಗುತ್ತಾನೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬರುತ್ತದೆ. ಹೊಲಕ್ಕೆ ಗೊಬ್ಬರ ಹೇರುವವರು, ಶುಂಠಿಗೆ ಮಡಿ ಮಾಡುವವರು, ಕೆರೆಯ ಹೂಳು ಎತ್ತುವವರು ಗಂಟೆಗೆ ಒಂದು ಲೀಟರಿನವರೆಗೂ ಬೆವರು ಸುರಿಸಬಹುದು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಮನೆಗೆ ಬಂದವನಿಗೆ ಬಿಸಿ ಬಿಸಿ ಅನ್ನ ಸಾರು ಕಂಡರೆ ಬೇಡವೆನಿಸುತ್ತದೆ. ಒಂದು ಚೊಂಬು ನೀರು, ಒಂದು ಕಪ್ಪು ಚಹ ಕುಡಿದು ಅಡ್ಡಾಗುತ್ತಾನೆ. ಹೊಟ್ಟೆಗೆ ನೀರು ಬಿತ್ತು, ಉಪ್ಪು ಬೀಳಲಿಲ್ಲ, ಅನ್ನವೂ ಬೀಳಲಿಲ್ಲ. ಹೀಗೆ ನಾಲ್ಕು ದಿನ ನಡೆದರೆ ಕಾಲು ಸೆಳೆತ, ತಲೆಸುತ್ತು, ನಿಶ್ಶಕ್ತಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಮಕ್ಕಳ ವಿಷಯ. ಊಟ ಒಲ್ಲೆನೆಂದು ಹಟ ಮಾಡಿದಾಗ ಅಂಗಡಿಯಿಂದ ನೂಡಲ್ಸ್ ಪೊಟ್ಟಣ ತರಿಸುವುದು ಈಗ ಔರಾದ ತಾಲ್ಲೂಕಿನ ಸಣ್ಣ ಹಳ್ಳಿಗಳಲ್ಲಿಯೂ ರೂಢಿಯಾಗಿದೆ. ಅದರಲ್ಲಿ ಬಹುಪಾಲು ಮೈದಾ ಹಿಟ್ಟಿನ ಎಳೆಗಳನ್ನು ಎಣ್ಣೆಯಲ್ಲಿ ಕರಿದು ಒಣಗಿಸಿದವು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ, ಕೆಳಗೆ ಪೊಟ್ಟಣ ಒಡೆಯುವುದು ವಿಚಿತ್ರವೇ ಸರಿ.

ಶಾವಿಗೆಯನ್ನು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ಬಿಟ್ಟು ತಣ್ಣಗೆ ಉಣ್ಣುವ ಪದ್ಧತಿಯನ್ನು ಈ ಕಾಲಕ್ಕೆ ರೂಢಿ ಮಾಡಿಕೊಳ್ಳಬಹುದು. ಇದರಲ್ಲಿ ನೀರು, ಉಪ್ಪು, ಅನ್ನ ಮೂರೂ ಒಂದೇ ಬಟ್ಟಲಿನಲ್ಲಿ ಸಿಗುತ್ತವೆ. ಜೋಳದ ಅಂಬಲಿ, ಮಜ್ಜಿಗೆ ನುಚ್ಚು ಬಲ್ಲವರಿಗೆ ಇದು ಹೊಸದೇನೂ ಅಲ್ಲ; ಅದೇ ಜೋಳ, ಅದೇ ಮಜ್ಜಿಗೆ, ರೂಪ ಮಾತ್ರ ಬೇರೆ. ಅಂಬಲಿಯನ್ನು ಮೂಸಿಯೂ ನೋಡದ ಮಕ್ಕಳು ಎಳೆ ಎಳೆಯಾದ ಶಾವಿಗೆಯನ್ನು ಸಂತೋಷದಿಂದ ಉಣ್ಣುತ್ತಾರೆ. ಆದರೆ ತಣ್ಣನೆಯ ಊಟದಲ್ಲಿ ಬಿಸಿ ಊಟದಲ್ಲಿ ಇಲ್ಲದ ಒಂದು ಅಪಾಯವಿದೆ. ಅದನ್ನು ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಮೊದಲು ಹಿಟ್ಟಿನ ವಿಚಾರ. ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪು ಭೂಮಿಯಲ್ಲಿ ಮುಂಗಾರಿಗೆ ಸೋಯಾ ಅವರೆ, ತೊಗರಿ, ಹೆಸರು, ಉದ್ದು ಹೆಚ್ಚಾಗಿ, ಜೋಳ ಹಿಂದೆ ಸರಿದಿದೆ. ಆದರೂ ಮನೆಯ ರೊಟ್ಟಿಗೆ ಮತ್ತು ದನದ ಕಣಿಕೆಗೆ ಎಂದು ಹಿಂಗಾರಿ ಜೋಳವನ್ನು ಬಿತ್ತುವ ರೈತರು ಇದ್ದಾರೆ. ಮಾಲದಂಡಿ, ಅಂದರೆ ಎಂ 35-1 ತಳಿಯ ಮುತ್ತಿನಂತಹ ಕಾಳು ರೊಟ್ಟಿಗೆ ಹೇಗೋ ಶಾವಿಗೆಗೂ ಹಾಗೆಯೇ ಒಳ್ಳೆಯದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ ಇರುತ್ತದೆ. ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಮಜ್ಜಿಗೆ ಮತ್ತು ಹೆಸರು ಕಾಳು ಆ ಕೊರತೆಯನ್ನು ತುಂಬುತ್ತವೆ.

ಜೋಳದ ತೊಡಕು ಬೇರೆ ಕಡೆ ಇದೆ. ಗೋಧಿ ಹಿಟ್ಟನ್ನು ನಾದಿದಾಗ ಅದರಲ್ಲಿರುವ ಗ್ಲುಟನ್ ರಬ್ಬರಿನಂತೆ ಹಿಗ್ಗಿ ಎಳೆಯನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲುಟನ್ ಇಲ್ಲ. ಆದುದರಿಂದ ಬರೀ ತಣ್ಣೀರಿನಲ್ಲಿ ಕಲಸಿ ಒತ್ತಿದ ಜೋಳದ ಶಾವಿಗೆ ಕುದಿಯುವ ನೀರಿಗೆ ಬಿದ್ದೊಡನೆ ಕರಗಿ ಗಂಜಿಯಾಗುತ್ತದೆ. ಇದಕ್ಕೆ ಪರಿಹಾರವನ್ನು ಹುಡುಕಲು ಎಲ್ಲಿಗೂ ಹೋಗಬೇಕಾಗಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಗಳು ಹಿಟ್ಟಿಗೆ ಕುದಿಯುವ ಎಸರು ಹಾಕಿ ಜಿಗಿ ಬರಿಸುವುದನ್ನು ತಾಯಿಯಿಂದಲೇ ಕಲಿತಿರುತ್ತಾಳೆ. ಬಿಸಿ ನೀರಿಗೆ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ. ಆ ಅಂಟೇ ಗ್ಲುಟನ್ನಿನ ಕೆಲಸವನ್ನು ಅಷ್ಟಿಷ್ಟು ಮಾಡುತ್ತದೆ.

ಈ ಕೊರತೆ ಜೋಳದ್ದು ಮಾತ್ರವಲ್ಲ. ಹಿಂದಿಯಲ್ಲಿ ಕುಟ್ಟು ಎನ್ನುವ ಧಾನ್ಯದಲ್ಲಿಯೂ ಗ್ಲುಟನ್ ಇಲ್ಲ. ಜಪಾನಿನವರು ಅದರ ಹಿಟ್ಟಿನಿಂದ ಸೋಬಾ ಎಂಬ ಶಾವಿಗೆಯನ್ನು ಮಾಡಿ ಬೇಸಿಗೆಯಲ್ಲಿ ತಣ್ಣಗೆ ಉಣ್ಣುತ್ತಾರೆ. ಎಂಟು ಪಾಲು ಆ ಹಿಟ್ಟಿಗೆ ಎರಡು ಪಾಲು ಗೋಧಿ ಹಿಟ್ಟು ಬೆರೆಸುವುದು ಅಲ್ಲಿಯ ಪ್ರಸಿದ್ಧ ಅಳತೆ. ಕೊರಿಯಾ ದೇಶದಲ್ಲಿ ಅದೇ ಧಾನ್ಯದ ಶಾವಿಗೆಯನ್ನು ಮಂಜಿನಂತಹ ತಣ್ಣನೆಯ ತಿಳಿಸಾರಿನಲ್ಲಿ ಬಿಟ್ಟು ನೇಂಗ್‌ಮ್ಯೋನ್ ಎಂದು ಕರೆಯುತ್ತಾರೆ. ತಮಾಷೆಯೆಂದರೆ ಅದು ಮೂಲದಲ್ಲಿ ಚಳಿಗಾಲದ ಊಟ! ಈಗ ಅಲ್ಲಿ ಬೇಸಿಗೆ ಬಂದರೆ ಅದಕ್ಕೇ ಬೇಡಿಕೆ. ಎರಡು ದೇಶಗಳಲ್ಲಿಯೂ ಬೆಂದ ಎಳೆಗಳನ್ನು ತಣ್ಣೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯುವುದನ್ನು ತಪ್ಪಿಸುವುದಿಲ್ಲ.

ಬೀದರಿನ ಅಡುಗೆಮನೆಗೆ ಹೊಂದುವ ಅಳತೆ ಹೀಗಿದೆ. ಏಳು ಪಾಲು ಹೊಸದಾಗಿ ಬೀಸಿದ ಜೋಳದ ಹಿಟ್ಟು, ಮೂರು ಪಾಲು ಗೋಧಿ ಹಿಟ್ಟು. ಗೋಧಿ ಗಟ್ಟಿ ಜಾತಿಯದಾದರೆ ಉತ್ತಮ. ಬೆಳಗಾವಿ, ವಿಜಯಪುರದ ಕಡೆಯ ಜವೆ ಗೋಧಿ ಸಿಕ್ಕರೆ ಇನ್ನೂ ಉತ್ತಮ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೊರತಂದ ಡಿ.ಡಿ.ಕೆ. 1025 ಮತ್ತು ಡಿ.ಡಿ.ಕೆ. 1029 ಈ ಜಾತಿಯ ಗಿಡ್ಡ ತಳಿಗಳು. ಜೋಳದ ಹಿಟ್ಟಿಗೆ ಮಾತ್ರ ಉಪ್ಪು ಬೆರೆಸಿದ ಕುದಿಯುವ ನೀರನ್ನು ಸುರಿದು ಮುಚ್ಚಿಡಬೇಕು. ಉಗುರುಬೆಚ್ಚಗಾದ ನಂತರ ಗೋಧಿ ಹಿಟ್ಟು ಸೇರಿಸಿ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಶಾವಿಗೆ ಒರಳಿನಲ್ಲಿ ಒತ್ತಿ, 10ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ, ತೆಳು ಬಟ್ಟೆ ಹೊದಿಸಿ ಒಣಗಿಸುವುದು. ಹಬೆಯಲ್ಲಿ ಬೆಂದು ಆರಿದ ಪಿಷ್ಟ ಗಟ್ಟಿಯಾಗುವುದರಿಂದ ಮುಂದೆ ನೀರಿನಲ್ಲಿ ಕುದಿಸಿದಾಗ ಎಳೆ ಕರಗುವುದಿಲ್ಲ. ಮುರಿದರೆ ಚಟ್ಟೆಂದು ಸದ್ದಾಗುವವರೆಗೆ ಒಣಗಬೇಕು. ಬಾಗುವ ಶಾವಿಗೆಯನ್ನು ಡಬ್ಬಿಗೆ ತುಂಬಿದರೆ ಬೂಷ್ಟು ಖಂಡಿತ.

ಇಲ್ಲಿ ಬೇಸಾಯಕ್ಕೆ ಸಂಬಂಧಿಸಿದ ಒಂದು ಮಾತು. ಕೆಲವು ವರ್ಷ ಸುಗ್ಗಿಯ ಹೊತ್ತಿಗೆ ಅಕಾಲಿಕ ಮಳೆ ಸುರಿದು, ತೆನೆ ನೆನೆದು, ಕಾಳು ಮೊಳಕೆಯ ಹದಕ್ಕೆ ಬರುತ್ತದೆ. ಅಂತಹ ಕಾಳಿನಲ್ಲಿ ಪಿಷ್ಟ ಒಳಗೊಳಗೇ ಒಡೆದು ಸಕ್ಕರೆಯಾಗತೊಡಗಿರುತ್ತದೆ. ನೋಡಲು ಚೆನ್ನಾಗಿದ್ದರೂ ಹಿಟ್ಟಿಗೆ ಜಿಗಿ ಬರುವುದಿಲ್ಲ. ರೊಟ್ಟಿ ಹರಿಯುತ್ತದೆ, ಶಾವಿಗೆ ತುಂಡಾಗುತ್ತದೆ. ಹೆಣ್ಣುಮಕ್ಕಳ ಕೈಯನ್ನು ದೂರುವ ಮೊದಲು ಮನೆಯ ಯಜಮಾನ ಆ ವರ್ಷದ ರಾಶಿಯನ್ನು ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಮಳೆಗೆ ನೆನೆದ ತೆನೆಗಳ ರಾಶಿಯನ್ನು ಬೇರೆಯಾಗಿಯೇ ಮಾಡಬೇಕು. ಕಪ್ಪು ಬೂಷ್ಟು ಹಿಡಿದ ಕಾಳನ್ನು ಊಟಕ್ಕೆ ಬಳಸಬಾರದು.

ಐದು ಜನರಿಗೆ 400 ಗ್ರಾಂ ಒಣ ಶಾವಿಗೆ ಸಾಕು. ನಾಲ್ಕು ಲೀಟರ್ ನೀರು ಮರಳುವಾಗ ಹಾಕಿ, ಎಳೆಯ ನಡುವೆ ಬಿಳಿ ಚುಕ್ಕೆ ಉಳಿಯದಂತೆ ಬೇಯಿಸಿ ಬಸಿಯಬೇಕು. ಬಸಿದ ಗಂಜಿಯನ್ನು ಚೆಲ್ಲಬಾರದು. ಬೇಸಿಗೆಯಲ್ಲಿ ಔರಾದ ಕಡೆ ನೀರಿನ ಬೆಲೆ ಏನೆಂದು ಹೇಳಬೇಕಾಗಿಲ್ಲ. ನಂತರ ಎರಡು ಸಲ ತಣ್ಣೀರಿನಲ್ಲಿ ತೊಳೆದರೆ ಮೇಲಿನ ಲೋಳೆ ಹೋಗಿ ಎಳೆಗಳು ಬಿಡಿಬಿಡಿಯಾಗುತ್ತವೆ.

ಅಪಾಯ ಹೊಕ್ಕುವುದು ಇಲ್ಲಿಂದಲೇ. ತೊಳೆದ ಮೇಲೆ ಶಾವಿಗೆಯನ್ನು ಮತ್ತೆ ಒಲೆಯ ಮೇಲೆ ಇಡುವುದಿಲ್ಲ. ಆದುದರಿಂದ ತೊಳೆಯುವ ನೀರು ನೇರವಾಗಿ ಹೊಟ್ಟೆಗೆ ಹೋದಂತೆ. ಬೇಸಿಗೆಯಲ್ಲಿ ಬಾವಿ, ಕೊಳವೆ ಬಾವಿಗಳು ತಳ ಕಂಡಾಗ, ಟ್ಯಾಂಕರಿನ ನೀರೇ ಗತಿಯಾದಾಗ, ಆ ನೀರನ್ನು ನಂಬಬಾರದು. ರಾತ್ರಿಯೇ ಕುದಿಸಿ ಆರಿಸಿ, ತೊಳೆದ ಹೊಸ ಗಡಿಗೆಯಲ್ಲಿ ತುಂಬಿಡಬೇಕು. ಮಜ್ಜಿಗೆಗೆ ಬೆರೆಸುವ ನೀರೂ ಅದೇ ಆಗಿರಬೇಕು.

ಗಡಿಗೆ ತಂಪು ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಉಪಯುಕ್ತ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಹೊರಗಿನಿಂದ ಒಳಬರುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದರೆ, 10 ಲೀಟರ್ ನೀರು 10 ಡಿಗ್ರಿ ತಣ್ಣಗಾಗಲು ಒಂದು ಸಣ್ಣ ಲೋಟದಷ್ಟು, ಅಂದರೆ 170 ಮಿಲಿಲೀಟರ್ ನೀರು ಆವಿಯಾದರೆ ಸಾಕು. ಬೀದರಿನ ಬೇಸಿಗೆ ಒಣ ಬೇಸಿಗೆ. ಕರಾವಳಿಯಲ್ಲಿ ಸೋಲುವ ಗಡಿಗೆ ಇಲ್ಲಿ ಗೆಲ್ಲುತ್ತದೆ. ಗಾಳಿ ಆಡುವ ನೆರಳಿನಲ್ಲಿ, ಒದ್ದೆ ಮರಳಿನ ಮೇಲೆ, ಒದ್ದೆ ಗೋಣಿ ಸುತ್ತಿ ಇಡಬೇಕು. ಎಣ್ಣೆ ಅಥವಾ ಬಣ್ಣ ಹಚ್ಚಿದ ಗಡಿಗೆ ಜಿನುಗುವುದಿಲ್ಲ, ತಂಪೂ ಆಗುವುದಿಲ್ಲ. ನೈಜೀರಿಯಾ ದೇಶದ ಅಧ್ಯಾಪಕ ಮಹಮ್ಮದ್ ಬಾ ಅಬ್ಬಾ ಒಂದು ಗಡಿಗೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ ತರಕಾರಿ ಕೆಡದಂತೆ ಇಡುವ ವಿಧಾನವನ್ನು ತನ್ನ ನಾಡಿನ ರೈತರಲ್ಲಿ ಹರಡಿ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದ. ಸವತೆಕಾಯಿ, ಕೊತ್ತಂಬರಿ, ಪುದೀನ ಇಡಲು ಈ ಜೋಡಿ ಗಡಿಗೆಯನ್ನು ಯಾರಾದರೂ ಮಾಡಿಕೊಳ್ಳಬಹುದು.

ಆದರೆ ಗಡಿಗೆಯ ತಂಪಿಗೆ ಒಂದು ಮಿತಿಯಿದೆ. ಹೊರಗೆ 40 ಡಿಗ್ರಿ ಇದ್ದು ಗಾಳಿಯ ಆರ್ದ್ರತೆ ಶೇಕಡ 20 ಇದ್ದರೆ, ಗಡಿಗೆಯ ನೀರು ಹೆಚ್ಚೆಂದರೆ 22 ಡಿಗ್ರಿಯ ಸಮೀಪಕ್ಕೆ ಬಂದೀತು. ನಾಲಿಗೆಗೆ ಅದು ಹಿತವೇ ಸರಿ. ರೋಗಾಣುಗಳಿಗೆ ಅದು ಅಡ್ಡಿಯೇ ಅಲ್ಲ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬೆಂದ ಪಿಷ್ಟಾಹಾರದಲ್ಲಿ ಅವು ಬೆಳೆಯುತ್ತಲೇ ಇರುತ್ತವೆ. ಅಕ್ಕಿ, ಗೋಧಿ, ಜೋಳಗಳ ಮೇಲೆ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿತಕ್ಕೂ ಸಾಯುವುದಿಲ್ಲ. ಬೆಂದ ಅನ್ನವೋ ಶಾವಿಗೆಯೋ ಸೆಕೆಯಲ್ಲಿ ಕುಳಿತರೆ ಅವು ಎಚ್ಚೆತ್ತು ವಿಷ ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯಿಂದಲೂ ತಿಳಿಯುವುದಿಲ್ಲ. ಬೆವರಿನಿಂದ ಮೊದಲೇ ನೀರು ಕಳೆದುಕೊಂಡ ಮೈಗೆ ಮೇಲೆ ವಾಂತಿ ಭೇದಿಯಾದರೆ, ಮಕ್ಕಳಿರಲಿ, ದುಡಿಯುವ ಗಂಡಸೂ ಮಲಗಿಬಿಡುತ್ತಾನೆ.

ಆದುದರಿಂದ ಊಟದ ಹೊತ್ತಿಗೇ ಬೇಯಿಸಿ, ತೊಳೆದು, ಒಂದು ಗಂಟೆಯೊಳಗೆ ಉಂಡು ಮುಗಿಸುವುದು ಸುರಕ್ಷಿತ. ಬೀದರ ನಗರದ ಮನೆಗಳಲ್ಲಿ ಫ್ರಿಜ್ ಇರುವವರು ಅಗಲವಾದ ಪಾತ್ರೆಯಲ್ಲಿ ತೆಳ್ಳಗೆ ಹರಡಿ ಒಳಗಿಡಬಹುದು. ಆದರೆ ವಿದ್ಯುತ್ತು ಗಂಟೆಗಟ್ಟಲೆ ಹೋಗಿ ಬಂದ ದಿನ ಆ ಲೆಕ್ಕ ನಡೆಯದು. ಪೇಟೆಯ ದಿಮ್ಮಿ ಮಂಜುಗಡ್ಡೆ ಎಂತಹ ನೀರಿನದೋ ಹೇಳಲಾಗದು. ಅದನ್ನು ಪಾತ್ರೆಯ ಸುತ್ತ ಇಡಬಹುದು, ಬಟ್ಟಲಿನೊಳಗೆ ಹಾಕಬಾರದು.

ಬಟ್ಟಲಿಗೆ ಬೇಕಾದ ಉಳಿದ ಸಾಮಗ್ರಿ ಮನೆಯಲ್ಲಿಯೇ ಇರುತ್ತದೆ. ಐದು ಜನರಿಗೆ ಒಂದೂವರೆ ಲೀಟರ್ ಹುಳಿ ಮಜ್ಜಿಗೆ, ಒಂದೂವರೆ ಚಹ ಚಮಚ ಉಪ್ಪು, ಹುರಿದು ಕುಟ್ಟಿದ ಜೀರಿಗೆ. ಮನೆಯಲ್ಲಿ ದೇವಣಿ ಹಸುವಿನ ಕರಾವಿದ್ದರೆ ಮಜ್ಜಿಗೆಗೆ ಕೊರತೆಯಿಲ್ಲ. ಸವತೆಕಾಯಿ, ಉಳ್ಳಾಗಡ್ಡಿ, ತುರಿದ ಹುಳಿ ಮಾವಿನಕಾಯಿ ಮೇಲೆ ಹಾಕಬೇಕು. ಮೊಳಕೆ ಹೆಸರನ್ನು ಐದು ನಿಮಿಷ ಹಬೆಯಲ್ಲಿ ಬೇಯಿಸಿಯೇ ಹಾಕುವುದು. ಸೆಕೆಯಲ್ಲಿ ಬೆಳೆದ ಹಸಿ ಮೊಳಕೆಯಲ್ಲಿ ರೋಗಾಣುಗಳೂ ಮೊಳೆತಿರುತ್ತವೆ. ಕೊನೆಗೆ ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ ಎರಡು ಚಮಚ, ಕುಸುಬೆ ಎಣ್ಣೆಯಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ. ಅಗಸಿ ಹಿಂಡಿಯೊಡನೆ ಈ ಬಟ್ಟಲಿನ ರುಚಿಯೇ ಬೇರೆ. ರಕ್ತದ ಒತ್ತಡ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತು ಕೇಳಬೇಕು.

ಹೊಲಕ್ಕೆ ಬುತ್ತಿ ಒಯ್ಯುವವರ ಪ್ರಶ್ನೆ ಉಳಿಯಿತು. ಬೆಳಗಿನ ಏಳಕ್ಕೆ ಬೇಯಿಸಿ ಉಕ್ಕಿನ ಡಬ್ಬಿಗೆ ತುಂಬಿ ಮಧ್ಯಾಹ್ನ ಒಂದಕ್ಕೆ ಬಿಚ್ಚುವುದಂತೂ ಕೂಡದು. ಹುಳಿ ಮಜ್ಜಿಗೆ, ಲಿಂಬೆರಸ ರೋಗಾಣುಗಳ ಬೆಳವಣಿಗೆಯನ್ನು ಸ್ವಲ್ಪ ತಡೆಯುತ್ತವೆ ನಿಜ, ಪೂರ್ಣ ತಡೆಯುವುದಿಲ್ಲ. ಒಂಟಿಯಾಗಿ ಹೋಗುವವನಿಗೆ ಒಣ ರೊಟ್ಟಿ, ಹಿಂಡಿ, ಮಣ್ಣಿನ ಮಗಿಯಲ್ಲಿ ಮಜ್ಜಿಗೆಯೇ ಸರಿ. ಹತ್ತು ಹನ್ನೆರಡು ಆಳುಗಳು ಕೂಡಿ ದುಡಿಯುವ ಕಡೆ, ಒಣ ಶಾವಿಗೆ, ಕುದಿಸಿ ಆರಿಸಿದ ನೀರಿನ ಹರವಿ ಮತ್ತು ಮಜ್ಜಿಗೆಯನ್ನು ಬೇರೆ ಬೇರೆ ಒಯ್ದು, ಬೇವಿನ ನೆರಳಿನಲ್ಲಿ ಮೂರು ಕಲ್ಲು ಹೂಡಿ ಅಲ್ಲಿಯೇ ಬೇಯಿಸಬಹುದು. ಎಳೆ ತೆಳ್ಳಗಿದ್ದರೆ ಐದಾರು ನಿಮಿಷದ ಕೆಲಸ. ಒಲೆಯ ಸುತ್ತಣ ಒಣ ಹುಲ್ಲು ಕಸವನ್ನು ಮೊದಲು ಬಳಿದು, ಎದ್ದು ಹೋಗುವಾಗ ಬೆಂಕಿಗೆ ನೀರು ಹಾಕಬೇಕು. ಬಿಸಿಲಲ್ಲಿ ದುಡಿಯುವವನು ತಡವರಿಸಿ ಮಾತನಾಡತೊಡಗಿದರೆ, ಮೈ ಕೆಂಡದಂತೆ ಸುಡತೊಡಗಿದರೆ ಅವನಿಗೆ ಬಟ್ಟಲು ಕೊಡುತ್ತ ಕೂರಬಾರದು. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತ ಕೂಡಲೇ 108ಕ್ಕೆ ಕರೆ ಮಾಡಬೇಕು.

ಉಂಡು ಮಿಕ್ಕಿದ ಶಾವಿಗೆಯನ್ನು ರಾತ್ರಿಗೆಂದು ಇಡದೆ ಆಗಲೇ ದನದ ಹೊಟ್ಟಿನೊಡನೆ ಬೆರೆಸಬಹುದು. ಒಂದು ದನಕ್ಕೆ ಒಂದು ಹಿಡಿ ಎರಡು ಹಿಡಿ ಸಾಕು. ಬೆಂದ ಪಿಷ್ಟ ಹೆಚ್ಚಾದರೆ ದನದ ಹೊಟ್ಟೆ ಹುಳಿಗಟ್ಟಿ ಮೇವು ಬಿಡುತ್ತದೆ.