ಹೂಂ ಅನ್ನುವವರು ಬೇಕು

(ಕಲಿಕಾ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ನಾವು ಹಾಡಿನ ವಿಷಯ ಮಾತಾಡೋಣ ಅಂತ ಬಂದಿದ್ದೇವೆ. ಹಾಡು ಅಂದರೆ ಸಿನಿಮಾ ಹಾಡಲ್ಲ. ಪುಸ್ತಕ ಇಲ್ಲದೆ, ಬಾಯಿಂದ ಬಾಯಿಗೆ ಬಂದ ಹಾಡು. ಅದನ್ನು ಕಟ್ಟಿದವರಲ್ಲಿ, ಹಾಡಿದವರಲ್ಲಿ ಬಹಳ ಮಂದಿ ಓದು ಬಾರದ ಹೆಂಗಸರು. ಅವರಿಗೆ ಬಾಯಿ ಬಿಡಲು ಧೈರ್ಯ ಕೊಟ್ಟವರು ಯಾರು? ಅದೇ ಇವತ್ತಿನ ಮಾತು.

ಬೀಸುವ ಕಲ್ಲು ನೆನಪಿದೆಯಾ? ಈಗ ಗಿರಣಿ ಬಂದಿದೆ. ಚಿಕ್ಕ ವಯಸ್ಸಿನವರು ಕಲ್ಲು ನೋಡಿರಬಹುದು, ಬೀಸಿರಲಿಕ್ಕಿಲ್ಲ. ಹಿರಿಯರನ್ನು ಕೇಳಿ. ಕೋಳಿ ಕೂಗುವ ಮೊದಲೇ ಏಳಬೇಕು. ಒಂದೇ ಕಲ್ಲಿಗೆ ಎದುರುಬದುರು ಇಬ್ಬರು ಕೂರಬೇಕು. ಗೂಟ ಒಂದು, ಹಿಡಿದ ಕೈ ಎರಡು. ಒಬ್ಬಳು ಒಂದು ನುಡಿ ಹಾಡಿದರೆ ಇನ್ನೊಬ್ಬಳು ಅದನ್ನೇ ಮತ್ತೆ ಹಾಡುತ್ತಿದ್ದಳು. ಮೊದಲಿನವಳಿಗೆ ಅಷ್ಟರಲ್ಲಿ ಉಸಿರು ಎಳೆದುಕೊಳ್ಳಲು ಬಿಡುವು. ಮುಂದಿನ ನುಡಿ ಹೊಳೆಯುವುದಕ್ಕೂ ಬಿಡುವು.

ಅತ್ತೆ ಬೈದದ್ದು, ತವರು ನೆನಪಾದದ್ದು, ಹಬ್ಬಕ್ಕೆ ಅಣ್ಣ ಕರೆಯಲು ಬರಲಿಲ್ಲ ಅನ್ನುವ ಸಂಕಟ, ಎಲ್ಲವೂ ಆ ಕಲ್ಲಿನ ಮುಂದೆ ಹಾಡಾಗಿ ಬಂತು. ಎದುರಿಗೆ ದನಿಗೂಡಿಸುವವಳು ಇದ್ದಳು, ಅದಕ್ಕೇ ಬಂತು. ಒಬ್ಬಳೇ ಬೀಸುವವಳೂ ಹಾಡುತ್ತಿದ್ದಳು, ಇಲ್ಲ ಅಂತಲ್ಲ. ಅವಳು ಕಲ್ಲನ್ನೇ ತಾಯೀ ಅಂತ ಕರೆದು ಹಾಡುತ್ತಿದ್ದಳು. ಅಂದರೆ ಕಲ್ಲನ್ನಾದರೂ ಜೊತೆ ಮಾಡಿಕೊಂಡಳು!

ಈಗ ಬಳ್ಳಾರಿ ಜಿಲ್ಲೆಗೆ ಹೋಗೋಣ. ಸಂಡೂರು ತಾಲ್ಲೂಕಿನಲ್ಲಿ ದರೋಜಿ ಅಂತ ಊರಿದೆ. ಕರಡಿಧಾಮದ ಹೆಸರು ಕೇಳಿದ್ದೀರಲ್ಲ, ಅದೇ ದರೋಜಿ. ಆ ಊರಿನ ಈರಮ್ಮನವರು 1930ರಲ್ಲಿ ಹುಟ್ಟಿದರು. ಬುಡಗ ಜಂಗಮರು ಅನ್ನುವ ಅಲೆಮಾರಿ ಜನಾಂಗ ಅವರದು. ಊರಿಂದ ಊರಿಗೆ ಹೋಗಿ ಕಥೆ ಹೇಳುವುದು ಆ ಜನರ ಕಸುಬು. ಈರಮ್ಮ ಶಾಲೆಗೆ ಹೋದವರಲ್ಲ. ಹುಡುಗಿಯಾಗಿದ್ದಾಗಲೇ ತಂದೆಯಿಂದ ಕಥೆ ಕಲಿತರು. ಕುಮಾರರಾಮನ ಕಥೆ, ಬಬ್ಬುಲಿ ನಾಗಿರೆಡ್ಡಿಯ ಕಥೆ, ಹೀಗೆ 12 ದೊಡ್ಡ ಕಥೆಗಳು ಅವರ ಬಾಯಲ್ಲಿದ್ದವು. ಬರೆದರೆ ಸುಮಾರು 7,000 ಪುಟ ಆಗುವಷ್ಟು! ಒಂದು ಪುಟ ಓದಲು ನಮಗೆ ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡಿ.

ಅವರು ಹೇಳುತ್ತಿದ್ದುದು ಬುರ್ರಕಥೆ. ಇದನ್ನು ಒಬ್ಬರೇ ಹೇಳಲು ಬರಲ್ಲ. ಮೂವರು ಬೇಕು. ನಡುವೆ ನಿಂತವರು ತಂಬೂರಿ ಹಿಡಿದು ಕಥೆ ಹೇಳುತ್ತಾರೆ. ಅತ್ತ ಒಬ್ಬರು, ಇತ್ತ ಒಬ್ಬರು ಚಿಕ್ಕ ವಾದ್ಯ ಬಡಿಯುತ್ತಾ ದನಿ ಕೊಡುತ್ತಾರೆ. ಈರಮ್ಮನವರ ಪಕ್ಕದಲ್ಲಿ ನಿಂತವರು ಅವರ ಮನೆತನದ ಹೆಣ್ಣುಮಕ್ಕಳೇ.

ಆ ಪಕ್ಕದವರ ಕೆಲಸ ಸಣ್ಣದು ಅಂತ ತಿಳಿಯಬೇಡಿ. ಕಥೆಗಾರ್ತಿ ಒಂದು ಮಾತು ಮುಗಿಸಿದ ಕೂಡಲೇ ಅವರು ಅದರ ಕೊನೆಯನ್ನು ಎತ್ತಿ ಹಾಡುತ್ತಾರೆ. ನಡುವೆ ನಿಂತವರ ಗಂಟಲಿಗೆ ವಿಶ್ರಾಂತಿ. "ಹಂಗಾ? ಆಮೇಲೇನಾಯ್ತು?" ಅಂತ ಕೇಳುತ್ತಾರೆ. ಕಥೆ ಮುಂದಕ್ಕೆ ಓಡುತ್ತದೆ. ಒಬ್ಬರು ನಗೆಮಾತು ಆಡುತ್ತಾರೆ, ತೂಕಡಿಸುತ್ತಿದ್ದವರು ಎದ್ದು ಕೂರುತ್ತಾರೆ. ಇನ್ನೊಬ್ಬರು ಊರಿನ ಸುದ್ದಿ, ಕಾಲದ ಸುದ್ದಿ ಎತ್ತುತ್ತಾರೆ. ಕಥೆಗಾರ್ತಿಗೆ ಮಾತು ಮರೆತರೆ? ಪಕ್ಕದವರು ಹಿಂದಿನ ನುಡಿಯನ್ನೇ ಇನ್ನೊಂದು ಸಲ, ಮತ್ತೊಂದು ಸಲ ಹಾಡುತ್ತಾ ಇರುತ್ತಾರೆ. ಅಷ್ಟರಲ್ಲಿ ಮರೆತದ್ದು ನೆನಪಾಗುತ್ತದೆ. ಕೇಳುವ ಜನಕ್ಕೆ ಗೊತ್ತೇ ಆಗುವುದಿಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈರಮ್ಮನವರಿಗೆ ನಾಡೋಜ ಗೌರವ ಕೊಟ್ಟಿತು. ದೊಡ್ಡ ದೊಡ್ಡ ಪಂಡಿತರಿಗೆ ಕೊಡುವ ಗೌರವ ಅದು. 2014ರ ಆಗಸ್ಟ್ ತಿಂಗಳಲ್ಲಿ ಅವರು ತೀರಿಕೊಂಡರು.

ಕರಾವಳಿಯಲ್ಲಿ ಇನ್ನೊಬ್ಬ ತಾಯಿ ಇದ್ದರು, ಸುಕ್ರಿ ಬೊಮ್ಮಗೌಡ. ಅಂಕೋಲಾ ತಾಲ್ಲೂಕಿನ ಬಡಗೇರಿಯವರು, ಹಾಲಕ್ಕಿ ಒಕ್ಕಲಿಗರು. ಅವರಿಗೆ ಹಾಡು ಬಂದದ್ದು ತಾಯಿಯಿಂದ. ಹಾಲಕ್ಕಿ ಹೆಂಗಸರು ಗುಂಪಾಗಿ ಹಾಡುತ್ತಾರೆ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಸುಕ್ರಜ್ಜಿ ಬಹಳ ದುಃಖ ಕಂಡವರು. ಕುಡಿತದಿಂದ ಗಂಡನನ್ನು ಕಳೆದುಕೊಂಡರು, ಸಾಕಿದ ಮಗನನ್ನೂ ಕಳೆದುಕೊಂಡರು. ಮೂಲೆ ಹಿಡಿದು ಕೂರಲಿಲ್ಲ. ಕುಡಿತ ನಿಲ್ಲಿಸಬೇಕು ಅಂತ ಹೋರಾಟಕ್ಕೆ ಇಳಿದರು. ಹಾಡಿನಲ್ಲಿ ದನಿ ಕೂಡಿಸಿ ಅಭ್ಯಾಸವಾದ ಹೆಂಗಸರಿಗೆ ಘೋಷಣೆ ಕೂಗಲು ಬೇರೆ ಪಾಠ ಬೇಕಿಲ್ಲ ಅಂತ ನಮಗೆ ಅನ್ನಿಸುತ್ತದೆ. 2017ರಲ್ಲಿ ಸುಕ್ರಜ್ಜಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರೂ ಹೋದರು.

ಇದು ನಮ್ಮ ಹಳ್ಳಿಯ ರೀತಿ, ಪೇಟೆಯವರಿಗೆ ಬೇಕಿಲ್ಲ ಅನ್ನುವವರಿದ್ದಾರೆ. ಹಾಗಲ್ಲ. ದೂರದ ಅಮೆರಿಕದಲ್ಲಿ ಷಿಕಾಗೋ ಅಂತ ದೊಡ್ಡ ಪಟ್ಟಣ ಇದೆ. ಅಲ್ಲಿ ಮಾರ್ಕ್ ಸ್ಮಿತ್ ಅನ್ನುವವರು, ಕಟ್ಟಡ ಕೆಲಸ ಮಾಡಿಕೊಂಡಿದ್ದವರು, 1986ರಲ್ಲಿ ಒಂದು ಪೈಪೋಟಿ ಶುರುಮಾಡಿದರು. ಜನರ ಎದುರು ನಿಂತು ಕವಿತೆ ಹೇಳುವ ಪೈಪೋಟಿ. ಅದು ಎಷ್ಟೋ ದೇಶಗಳಿಗೆ ಹಬ್ಬಿತು. ಇಂಥ ಕೂಟಗಳಲ್ಲಿ ಒಂದು ರೂಢಿ ಬೆಳೆದಿದೆ. ನಿಂತವರಿಗೆ ಮಾತು ಮರೆತುಹೋದರೆ ಕೂತವರು ನಗುವುದಿಲ್ಲ. ಬೆರಳಲ್ಲಿ ಚಿಟಿಕೆ ಹೊಡೆಯುತ್ತಾರೆ. "ಇದ್ದೇವೆ, ನಿಧಾನವಾಗಿ ಹೇಳಿ" ಅಂತ ಅದರ ಅರ್ಥ. ಪೈಪೋಟಿಗೆ ಬಂದ ಬೇರೆ ಕವಿಗಳೂ ಚಿಟಿಕೆ ಹೊಡೆಯುತ್ತಾರೆ. ನೋಡಿ, ನಾವು ಹೂಂ ಅನ್ನುತ್ತೇವೆ, ಅವರು ಚಿಟಿಕೆ ಹೊಡೆಯುತ್ತಾರೆ, ಅಷ್ಟೇ ವ್ಯತ್ಯಾಸ!

ಒಂದು ಊರಿನ ಗ್ರಾಮಸಭೆಯಲ್ಲಿ ನಾವು ಕಂಡದ್ದು ಹೇಳುತ್ತೇವೆ. ಹೊಸದಾಗಿ ಓದು ಕಲಿತ ಒಬ್ಬ ತಾಯಿ ನೀರಿನ ಅರ್ಜಿ ಬರೆದು ತಂದಿದ್ದರು. ಅಕ್ಷರ ಚೆನ್ನಾಗಿತ್ತು. ಓದಲು ಎದ್ದರು. ಗಂಡಸರೆಲ್ಲ ತಿರುಗಿ ನೋಡಿದರು. ತಾಯಿಯ ಗಂಟಲು ಕಟ್ಟಿತು, ಕಾಗದ ನಡುಗಿತು. ಹಿಂದೆ ಕೂತಿದ್ದ ನೆರೆಮನೆಯವಳು ಗಟ್ಟಿಯಾಗಿ, "ಹೇಳಕ್ಕಾ, ನಲ್ಲಿ ನಿಂತು ಎಷ್ಟು ದಿನ ಆಯ್ತು ಅಂತ ಹೇಳು" ಅಂದಳು. ಇನ್ನೊಬ್ಬಳು "ಹೂಂ, ಹೇಳಕ್ಕಾ" ಅಂದಳು. ತಾಯಿ ಅರ್ಜಿಯನ್ನು ಕೊನೆತನಕ ಓದಿದರು. ಕಾರ್ಯದರ್ಶಿ ಬರೆದುಕೊಳ್ಳಬೇಕಾಯಿತು. ನಲ್ಲಿ ಮರುದಿನವೇ ಬಂತು ಅಂತ ನಾವು ಹೇಳುವುದಿಲ್ಲ. ಇನ್ನೂ ಎರಡು ಸಲ ಹೋಗಿ ಕೇಳಬೇಕಾಯಿತು. ಆದರೆ ಎರಡನೆಯ ಸಲ ಓದಿದವಳು ಆ ನೆರೆಮನೆಯವಳು. ಹೂಂ ಅಂದವರು ಈ ತಾಯಿ.

ಇನ್ನೊಂದು ಮಾತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ "ಗರತಿಯ ಹಾಡು" ಅಂತ ಪುಸ್ತಕ ಬಂತು. ಅವರು ಬರೆದಿಡದಿದ್ದರೆ ಎಷ್ಟೋ ಹಾಡು ಕಲ್ಲಿನ ಜೊತೆಗೇ ಹೋಗುತ್ತಿದ್ದವು. ಆದರೂ ಯಾವ ಹಾಡನ್ನು ಯಾವ ತಾಯಿ ಕಟ್ಟಿದ್ದು ಅಂತ ಇವತ್ತು ಹೇಳಲು ಬರುವುದಿಲ್ಲ. ಹಾಡು ಉಳಿಯಿತು, ಹೆಸರು ಉಳಿಯಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಬಹಿಣಾಬಾಯಿ ಚೌಧರಿ ಅಂತ ಒಬ್ಬ ರೈತ ಹೆಣ್ಣುಮಗಳು ಇದ್ದರು. ಓದು ಬಾರದವರು. ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ ಹಾಡು ಕಟ್ಟಿದವರು. ಮಗ ಸೋಪಾನದೇವ ಕವಿಯಾಗಿದ್ದರು. ತಾಯಿ ಹಾಡಿದ್ದನ್ನು ಬರೆದಿಟ್ಟರು. 1951ರಲ್ಲಿ ತಾಯಿ ತೀರಿಕೊಂಡರು, ಮರುವರ್ಷ ಪುಸ್ತಕ ಬಂತು. ಇವತ್ತು ಮಹಾರಾಷ್ಟ್ರದ ಮಕ್ಕಳಿಗೆ ಆ ತಾಯಿಯ ಹೆಸರು ಗೊತ್ತು. ಹಾಡು ಅವರದು, ಅಕ್ಷರ ಮಗನದು. ನಿಮಗೆ ಈಗ ಎರಡೂ ನಿಮ್ಮವೇ!

ಅದಕ್ಕೆ ಮುಂದಿನ ಶುಕ್ರವಾರ ಹೀಗೆ ಮಾಡೋಣ. ಒಬ್ಬೊಬ್ಬರೂ ಒಂದು ಹಾಡು ಬರೆದು ತನ್ನಿ. ಸೋಬಾನೆ ಆಗಲಿ, ಜೋಗುಳ ಆಗಲಿ, ನಾಟಿ ಹಾಡಾಗಲಿ. ಕಾಗುಣಿತ ತಪ್ಪಿದರೆ ತಪ್ಪಲಿ, ಆಮೇಲೆ ತಿದ್ದಬಹುದು. ಮೇಲೆ ನಿಮ್ಮ ಹೆಸರು ಬರೆಯಿರಿ. ಕೆಳಗೆ, ಈ ಹಾಡು ಯಾರಿಂದ ಬಂತು, ಯಾರ ಜೊತೆ ಹಾಡುತ್ತಿದ್ದಿರಿ, ಅವರ ಹೆಸರೂ ಬರೆಯಿರಿ. ಹಾಡುವವರು ನಡುವೆ ಕೂರಲಿ. ಅತ್ತ ಒಬ್ಬರು, ಇತ್ತ ಒಬ್ಬರು ಹೂಂ ಅನ್ನಲು ಕೂರಲಿ. ಮೊದಲು ಯಾರು ಹಾಡುತ್ತೀರಿ? ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದೀರಲ್ಲ, ನೀವಾ? ಆಗಲಿ, ನಿಮ್ಮ ಪಕ್ಕಕ್ಕೆ ಯಾರನ್ನು ಕೂರಿಸಿಕೊಳ್ಳುತ್ತೀರಿ ಅಂತ ಈಗಲೇ ಹೇಳಿಬಿಡಿ.