ಮುಚ್ಚುವ ಮುನ್ನ ಓದಿ
(ಸಂಘದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಕಲಿಯುತ್ತಿರುವ ನಿಮ್ಮ ಮುಂದೆ ನಾಲ್ಕು ಮಾತನಾಡಬೇಕೆಂದು ಸಂಘದವರು ಕೇಳಿಕೊಂಡಾಗ, ಸಾಧನೆಗಿಂತ ನನ್ನದೇ ಒಂದು ತಪ್ಪನ್ನು ಹೇಳುವುದು ಲೇಸೆನಿಸಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದ್ಯಾರ್ಥಿವೇತನದ ಅರ್ಜಿಗಾಗಿ ಜಾವಾಸ್ಕ್ರಿಪ್ಟ್ ಬಳಸಿ ಒಂದು ಪುಟ ಸಿದ್ಧಪಡಿಸಿದ್ದೆ. ಕೊನೆಯ ದಿನ ಸೆಪ್ಟೆಂಬರ್ 10. ತಿಂಗಳ ಜಾಗದಲ್ಲಿ 9 ಎಂದು ಬರೆದೆ. ಪುಟದಲ್ಲಿ ಮೂಡಿದ್ದು ಅಕ್ಟೋಬರ್ 10! ಅಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು: ಜನವರಿ ಎಂದರೆ 0, ಡಿಸೆಂಬರ್ ಎಂದರೆ 11. ನಾನು ಕೊಟ್ಟ ದಿನಾಂಕವನ್ನು ನಂಬಿ ಅಕ್ಟೋಬರ್‌ನಲ್ಲಿ ಬಂದ ವಿದ್ಯಾರ್ಥಿನಿಯೊಬ್ಬಳು ಬರಿಗೈಯಲ್ಲಿ ಹಿಂದಿರುಗಿದಳು.

ಈ ನಿಯಮ ಎಲ್ಲೋ ಅಡಗಿರಲಿಲ್ಲ. ನಾನು ಬರೆಯುತ್ತಿದ್ದಂತೆಯೇ, ತಿಂಗಳು 0ಯಿಂದ 11ರವರೆಗಿನ ಸಂಖ್ಯೆ ಎಂದು ಎಡಿಟರ್ ಪುಟ್ಟ ಪೆಟ್ಟಿಗೆಯೊಂದರಲ್ಲಿ ತೋರಿಸುತ್ತಿತ್ತು. ಅಡ್ಡ ಬಂತೆಂದು ಎಸ್ಕೇಪ್ ಒತ್ತಿ ಮುಚ್ಚಿದ್ದೆ.

ಆ ಪೆಟ್ಟಿಗೆಯ ಹಿಂದೆ ದೊಡ್ಡ ಇತಿಹಾಸವೇ ಇದೆ. 1971ರ ನವೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ನ ಮೊದಲ ಕೈಪಿಡಿ ತಂದರು. ತಮ್ಮ ಪ್ರೋಗ್ರಾಂಗಳ ಲೋಪಗಳನ್ನೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಇಂದಿಗೂ ಲಿನಕ್ಸ್‌ನಲ್ಲಿ 'ಮ್ಯಾನ್' ಎಂದು ಟೈಪ್ ಮಾಡಿ ಆಜ್ಞೆಯ ಹೆಸರು ಕೊಟ್ಟರೆ ಅದರ ಕೈಪಿಡಿ ಪುಟ ತೆರೆದುಕೊಳ್ಳುತ್ತದೆ. ಜಾವಾದ 'ಜಾವಾಡಾಕ್' ವಿವರಣೆಯನ್ನು ಕೋಡಿನ ತಲೆಯ ಮೇಲೆಯೇ ಬರೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಪೈಥಾನ್‌ನಲ್ಲಿ 'ಹೆಲ್ಪ್' ಎಂದು ಕೇಳಿದರೆ ಇಂಟರ್‌ನೆಟ್ ಇಲ್ಲದ ಲ್ಯಾಬಿನಲ್ಲೂ ಉತ್ತರ ಸಿಗುತ್ತದೆ.

ಮೊದಲು ಪ್ರತಿ ಎಡಿಟರ್ ಪ್ರತಿ ಭಾಷೆಗೂ ಬೇರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್ 'ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್' ಎಂಬ ಸಾಮಾನ್ಯ ನಿಯಮಾವಳಿಯನ್ನು ಪ್ರಕಟಿಸಿತು. ನೀವು ಪದವೊಂದರ ಮೇಲೆ ಮೌಸ್ ನಿಲ್ಲಿಸಿದಾಗ ಎಡಿಟರ್, ಯಾವ ಕಡತ, ಯಾವ ಸಾಲು, ಎಷ್ಟನೆಯ ಅಕ್ಷರ ಎಂದು ಆ ಭಾಷೆಯ ಸರ್ವರ್‌ಗೆ ತಿಳಿಸುತ್ತದೆ. ಸರ್ವರ್ ವಿವರಣೆ ಕಳಿಸುತ್ತದೆ. ಈ ಸರ್ವರ್ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿನೊಳಗೇ ಇರುವ ಇನ್ನೊಂದು ಪ್ರೋಗ್ರಾಂ, ಅಷ್ಟೆ.

ಪೆಟ್ಟಿಗೆ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಏನು ಕೊಡಬೇಕು? ಇದು ಏನನ್ನು ಹಿಂದಿರುಗಿಸುತ್ತದೆ? ಯಾವಾಗ ಕೈಕೊಡುತ್ತದೆ? ಪೈಥಾನ್‌ನ 'ಸಾರ್ಟ್' ಮತ್ತು 'ಸಾರ್ಟೆಡ್' ಎರಡೂ ಕ್ರಮವಾಗಿ ಜೋಡಿಸುತ್ತವೆ. ಆದರೆ 'ಸಾರ್ಟ್' ಮೂಲ ಪಟ್ಟಿಯನ್ನೇ ಬದಲಿಸಿ 'ನನ್' ಹಿಂದಿರುಗಿಸುತ್ತದೆ. 'ಸಾರ್ಟೆಡ್' ಹೊಸ ಪಟ್ಟಿ ಕೊಡುತ್ತದೆ. ಒಂದು ಸಾಲು ಓದಿದರೆ ಒಂದು ಸಂಜೆಯ ಪರದಾಟ ಉಳಿಯುತ್ತದೆ.

"ನಮ್ಮದು ಕನ್ನಡ ಮಾಧ್ಯಮ, ಉರ್ದು ಮಾಧ್ಯಮ, ಆ ಇಂಗ್ಲಿಷ್ ಹೇಗೆ ಓದುವುದು ಸರ್?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಹೆದರಬೇಡಿ. ಅದು ಸಾಹಿತ್ಯದ ಇಂಗ್ಲಿಷ್ ಅಲ್ಲ. ಚಿಕ್ಕ ವಾಕ್ಯಗಳು, ಮತ್ತೆ ಮತ್ತೆ ಬರುವ ಅವೇ ಪದಗಳು. ರಿಟರ್ನ್, ಪ್ಯಾರಾಮೀಟರ್, ಡಿಫಾಲ್ಟ್, ಡೆಪ್ರಿಕೇಟೆಡ್ ಇಂಥವನ್ನು ಅರ್ಥಸಹಿತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಕೆಲವೇ ವಾರಗಳಲ್ಲಿ ಅವು ಪರಿಚಿತವಾಗುತ್ತವೆ.

ಈಗ ಕೃತಕ ಬುದ್ಧಿಮತ್ತೆ ಕೋಡನ್ನೇ ಬರೆದುಕೊಡುತ್ತಿದೆ. ಬಳಸಿ, ಬೇಡವೆನ್ನುವುದಿಲ್ಲ. ಆದರೆ ಅದು ಇಲ್ಲದ ಫಂಕ್ಷನ್ನನ್ನೂ ಇದೆಯೆಂದು ಧೈರ್ಯವಾಗಿ ಹೇಳಬಲ್ಲದು. ನಿಜವೇ ಎಂದು ವಿವರಣೆ ತೆರೆದು ನೋಡುವ ಹೊಣೆ ನಿಮ್ಮದೇ.

ಕೊನೆಯದಾಗಿ, ನೀವು ಬರೆಯುವ ಫಂಕ್ಷನ್‌ಗೂ ಎರಡು ಸಾಲಿನ ವಿವರಣೆ ಬರೆಯಿರಿ. ನಾಳೆ ನಿಮ್ಮ ತಮ್ಮನೋ ತಂಗಿಯೋ ಅದನ್ನು ಓದಬಹುದು. ಅಂದು ಬರಿಗೈಯಲ್ಲಿ ಹೋದ ಆ ವಿದ್ಯಾರ್ಥಿನಿಯನ್ನು ನಾನು ಮರೆತಿಲ್ಲ. ಅಂಥವಳೊಬ್ಬಳು ನಿಮ್ಮ ಕೋಡಿನ ಆಚೆ ತುದಿಯಲ್ಲೂ ನಿಂತಿರುತ್ತಾಳೆ, ನೆನಪಿರಲಿ.