ಹಳೆಯ ಅರ್ಥಶಾಸ್ತ್ರ ಗ್ರಂಥಗಳು ಇಂದಿಗೂ ಬೇಕೆ?

(ಇಟ್ಟಿಗಿಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)



ಪರೀಕ್ಷೆಗೆ ಗೈಡ್ ಇರುವಾಗ ಹಳೆಯ ಗ್ರಂಥಗಳೇಕೆ ಎಂದು ನೀವು ಕೇಳಬಹುದು. ಉತ್ತರ ನಮ್ಮ ಹಡಗಲಿ ಮಲ್ಲಿಗೆಯಲ್ಲೇ ಇದೆ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಮರುದಿನಕ್ಕೆ ಉಳಿಯುವುದಿಲ್ಲ. ಬೆಲೆ ಕುಸಿದರೂ ರೈತ ಅಂದೇ ಮಾರಬೇಕು. ಆಲ್‌ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿ ಮೀನು ಮಾರುಕಟ್ಟೆಯ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದ್ದಾರೆ. ಅಂದು ಬಂದ ಮಾಲು ಅಷ್ಟೇ. ಬೆಲೆ ಬೇಡಿಕೆಯ ಕೈಯಲ್ಲಿ.

ಒಂದೇ ಕಸುಬಿನ ವ್ಯಾಪಾರಿಗಳು ಕೂಡಿದರೆ ಮಾತು ಬೆಲೆ ಏರಿಸುವ ಒಳಸಂಚಿಗೆ ತಿರುಗುತ್ತದೆಂದು ಆಡಂ ಸ್ಮಿತ್ 1776ರಲ್ಲೇ ಎಚ್ಚರಿಸಿದ್ದರು. ಕೊಳ್ಳುವವರು ಒಂದಾದರೆ ನಷ್ಟ ರೈತನಿಗೆ. ತೆರಿಗೆ ಮಿತಿಮೀರಿದರೆ ದುಡಿಯುವ ಹುರುಪು ಕುಗ್ಗಿ ಬೊಕ್ಕಸವೇ ಬರಿದಾಗುತ್ತದೆಂದು ಇಬ್ನ್ ಖಲ್ದೂನ್ 1377ರ 'ಮುಖದ್ದಿಮಾ'ದಲ್ಲಿ ಬರೆದರು.

ಅವುಗಳಲ್ಲಿ ಎಲ್ಲವೂ ಸರಿಯೆಂದಲ್ಲ. ಶ್ರಮವೇ ಮೌಲ್ಯದ ಅಳತೆ ಎಂಬ ಸ್ಮಿತ್‌ರ ಮಾತನ್ನು ನಂತರದವರು ತಿದ್ದಿದರು. ತಪ್ಪು ಹುಡುಕುತ್ತಾ ಓದುವುದೂ ವಿದ್ಯೆಯೇ.

ಈ ರಜೆಯಲ್ಲಿ ಒಂದು ಅಧ್ಯಾಯವನ್ನಾದರೂ ಓದಿ. ನಂತರ ಹೂವಿನ ಮಾರುಕಟ್ಟೆಗೆ ಹೋಗಿ, ಬೆಲೆ ಕಟ್ಟುವವರು ಯಾರೆಂದು ನೋಡಿ. ಮಲ್ಲಿಗೆ ಬೆಳೆಯುವ ಮನೆಯ ಮಕ್ಕಳಿಗೆ ಇದು ಅಂಕಗಳಿಗಿಂತ ದೊಡ್ಡ ಪಾಠ.